ಕ್ಯಾರಂಟೂಹಿಲ್: ಹತ್ತುವುದು ಸರಿ, ಇಳಿಯುವುದು ಯಾವ ಕಡೆಯಿಂದ?

ಹೇಮಾ_ಡಬ್ಲಿನ್

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಕೊನೆಯ ಬ್ಯಾಂಕ್ ಹಾಲಿಡೇ ವಾರಾಂತ್ಯಕ್ಕೆ ನಾವು ಆರು ಜನ ಐರ್ಲೆಂಡಿನ ನೈಋತ್ಯದ ಕೆರ್ರಿ ಜಿಲ್ಲೆಗೆ ಹೊರಟಿದ್ದೇವೆ. ಭಾನುವಾರ ಕ್ಯಾರಂಟೂಹಿಲ್ ಹತ್ತುವ ಯೋಚನೆ. ಕ್ರೋನಿನ್ಸ್ ಯಾರ್ಡ್‌ನಲ್ಲಿ ಕಾರು ನಿಲ್ಲಿಸಿ, ಹತ್ತೂವರೆಗೆ ಹೊರಟು, ಡೆವಿಲ್ಸ್ ಲ್ಯಾಡರ್ ಅನ್ನುವ ಕಡಿದಾದ ಕೊರಕಲು ದಾರಿಯಲ್ಲಿ ಹತ್ತಿ ಅದರಲ್ಲೇ ಇಳಿಯುವುದು ಅಂದುಕೊಂಡಿದ್ದೇವೆ. ಐರ್ಲೆಂಡಿನ ಅತಿ ಎತ್ತರದ ಬೆಟ್ಟ ಅಂದರೂ 1,039 ಮೀಟರ್ ಅಷ್ಟೇ, ನಮ್ಮಲ್ಲಿ ನಾಲ್ವರು ಮುಳ್ಳಯ್ಯನಗಿರಿ, ಕುಮಾರಪರ್ವತ ಮಾಡಿದವರು. ಹಾಸನದಿಂದ ಬಂದಿರುವ ಅಪ್ಪನೂ ಬರುತ್ತೇನೆ ಅನ್ನುತ್ತಿದ್ದಾರೆ, ವಯಸ್ಸು 63, ದಿನಾ ನಡೆಯುತ್ತಾರೆ. ಇಳಿಯುವಾಗಲೇ ಅಪಾಯ ಜಾಸ್ತಿ ಅಂತ ಎಲ್ಲೆಲ್ಲೂ ಓದಿದೆ. ಯಾಕೆ, ಏನು ಮಾಡಬೇಕು, ಗೊತ್ತಿದ್ದವರು ಬಿಡಿಸಿ ಹೇಳಿ.

ಏಣುದಾರಿ

ಮೇಡಂ, ಮೊದಲು ಸಮಯದ ವಿಷಯ. ಅಕ್ಟೋಬರ್ ಬ್ಯಾಂಕ್ ಹಾಲಿಡೇ ಬರುವುದು ಕೊನೆಯ ಸೋಮವಾರ, ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುವುದು ಕೊನೆಯ ಭಾನುವಾರ. ಹೆಚ್ಚಿನ ವರ್ಷ ಎರಡೂ ಒಂದೇ ವಾರಾಂತ್ಯ. ಶನಿವಾರ ಆರೂಕಾಲರ ಸುಮಾರಿಗೆ ಮುಳುಗಿದ ಸೂರ್ಯ ಭಾನುವಾರ ಐದೂಕಾಲಿಗೇ ಮುಳುಗುತ್ತಾನೆ. ಇದನ್ನು ಮರೆತರೆ ನಿಮ್ಮ ಲೆಕ್ಕದಲ್ಲಿ ಒಂದು ಗಂಟೆ ಬೆಳಕು ಸೀದಾ ಮಾಯ.

ಈಗ ನಡಿಗೆಯ ಲೆಕ್ಕ. ಸಮತಟ್ಟಿನಲ್ಲಿ ಗಂಟೆಗೆ 4 ಕಿಲೋಮೀಟರ್, ಅದಕ್ಕೆ ಪ್ರತಿ 10 ಮೀಟರ್ ಏರಿಕೆಗೆ ಒಂದು ನಿಮಿಷ ಸೇರಿಸಿ. ಕ್ರೋನಿನ್ಸ್ ಯಾರ್ಡ್‌ನಿಂದ ತುದಿಗೆ ಹತ್ತಿರ ಹತ್ತಿರ 6 ಕಿಲೋಮೀಟರ್, ಏರಿಕೆ ಸುಮಾರು 900 ಮೀಟರ್. ಒಂದೂವರೆ ಗಂಟೆ ಮತ್ತೊಂದು ಒಂದೂವರೆ, ಒಟ್ಟು ಮೂರು ಗಂಟೆ. ಇಳಿಯುವುದಕ್ಕೆ ಬೇಗ ಆಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕಡಿದಾದ ಕಲ್ಲುದಾರಿಯಲ್ಲಿ ಆಗುವುದಿಲ್ಲ. ಪ್ರತಿ 30 ಮೀಟರ್ ಇಳಿತಕ್ಕೆ ಒಂದು ನಿಮಿಷ ಹೆಚ್ಚಿಗೆ ಹಿಡಿಯಬೇಕು, ಹಾಗಾಗಿ ಲೆಕ್ಕದಲ್ಲೇ ಎರಡು ಗಂಟೆ, ಸಡಿಲ ಕಲ್ಲಿನಲ್ಲಿ ನಿಧಾನಕ್ಕೆ ಇಳಿಯುವಾಗ ಎರಡೂವರೆಯಿಂದ ಮೂರು. ಊಟ, ಫೋಟೋ, ಶೂ ಲೇಸ್ ಕಟ್ಟುವುದು, ಒಬ್ಬರಿಗಾಗಿ ಐವರು ಕಾಯುವುದು ಎಲ್ಲ ಸೇರಿ ಆರು ಜನಕ್ಕೆ ಏಳು ಗಂಟೆ ಇಟ್ಟುಕೊಳ್ಳಿ. ಹತ್ತೂವರೆಗೆ ಹೊರಟರೆ ಐದೂವರೆ. ಅಂದರೆ ಕೊನೆಯ ಭಾಗ ಕತ್ತಲಲ್ಲಿ, ಅದೂ ಎಲ್ಲ ಸರಿಯಾಗಿ ನಡೆದರೆ.

ಎಂಟೂವರೆಗೆ ನಡಿಗೆ ಶುರುವಾಗಲಿ. ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದರೂ ತಿರುಗಿಬಿಡುವುದು ಅಂತ ಹಿಂದಿನ ರಾತ್ರಿಯೇ ಆರೂ ಜನ ಒಪ್ಪಿಕೊಳ್ಳಿ. ಬೆಟ್ಟದ ಮೇಲೆ ಈ ಮಾತು ತೆಗೆದರೆ ಯಾರೂ ಒಪ್ಪುವುದಿಲ್ಲ, ತುದಿ ಕಣ್ಣೆದುರಿಗೇ ಇರುತ್ತದೆ.

ಎತ್ತರದ ಅಂಕಿ ನೋಡಿ ಅಳೆಯಬೇಡಿ. ಮುಳ್ಳಯ್ಯನಗಿರಿ 1,930 ಮೀಟರ್ ನಿಜ, ಅಲ್ಲಿ ಗಾಡಿ ನೆತ್ತಿಯ ಹತ್ತಿರದವರೆಗೂ ಹೋಗುತ್ತದೆ. ಕುಮಾರಪರ್ವತದ ಏರಿಕೆ ಇದಕ್ಕಿಂತ ಬಹಳ ದೊಡ್ಡದು, ಅದನ್ನು ಮಾಡಿದವರಿಗೆ ಇಲ್ಲಿ ದಮ್ಮಿನ ತೊಂದರೆ ಬರುವುದಿಲ್ಲ. ಇಲ್ಲಿ ಕೈಕೊಡುವುದು ಅಟ್ಲಾಂಟಿಕ್ ಕಡೆಯ ಗಾಳಿ, ಮಳೆ, ಮೋಡ. ಕಾರಿನ ಹತ್ತಿರ 11 ಡಿಗ್ರಿ ಇದ್ದರೆ ತುದಿಯಲ್ಲಿ 5, ಅದರ ಮೇಲೆ ಗಾಳಿಯ ಚಳಿ ಬೇರೆ.

ಕೆರ್ರಿಕಲ್ಲು

ಡೆವಿಲ್ಸ್ ಲ್ಯಾಡರ್ ಹತ್ತಲು ಬಳಸಿ, ಇಳಿಯಲು ದಯವಿಟ್ಟು ಬೇಡ. ಕಾರಣ ಹೇಳುತ್ತೇನೆ.

ಅದು ಹೆಸರಿಗೆ ಏಣಿ, ನಿಜಕ್ಕೆ ಕೊರಕಲು. ಹ್ಯಾಗ್ಸ್ ಗ್ಲೆನ್ ಕಣಿವೆಯ ತಲೆಯಿಂದ ಕ್ಯಾರಂಟೂಹಿಲ್ ಮತ್ತು ಪಕ್ಕದ ಬೆಟ್ಟ ಕ್ನಾಕ್ ನ ಟೊಯ್ನೆ ನಡುವಿನ ತಗ್ಗಿಗೆ ನೇರ ಏರುತ್ತದೆ. ಎಷ್ಟೋ ವರ್ಷಗಳಿಂದ ಅದೇ ಒಂದು ಸೀಳಿನಲ್ಲಿ ಜನ ಓಡಾಡಿ ಹುಲ್ಲು, ಮಣ್ಣು ಎಲ್ಲ ಕೊಚ್ಚಿಹೋಗಿದೆ. ಉಳಿದಿರುವುದು ಕೆಂಪು ಮರಳುಗಲ್ಲಿನ ತುಂಡುಗಳು. ಕೆಲವು ಮುಷ್ಟಿಯಷ್ಟು, ಕೆಲವು ಟಿವಿ ಪೆಟ್ಟಿಗೆಯಷ್ಟು. ಅವುಗಳ ಅಡಿ ಗಟ್ಟಿ ಇಳಿಜಾರು, ಅದರ ಮೇಲೆ ಸಣ್ಣ ಜಲ್ಲಿ. ಮಳೆ ಬಂದಾಗ ನೀರು ಹರಿಯುವುದೂ ಅದೇ ದಾರಿಯಲ್ಲಿ.

ಹತ್ತುವಾಗ ಮುಖ ಕಲ್ಲಿನ ಕಡೆ ಇರುತ್ತದೆ. ಕೈಯಿಂದ ಅಲ್ಲಾಡಿಸಿ ನೋಡಿ ಆಮೇಲೆ ಭಾರ ಬಿಡಬಹುದು, ಕಾಲು ಜಾರಿದರೂ ಮುಂದಕ್ಕೆ ಕೈ ಊರಿಕೊಂಡು ನಿಲ್ಲುತ್ತೀರಿ. ಇಳಿಯುವಾಗ ಹಿಮ್ಮಡಿಯ ಮೇಲೆ ಇಡೀ ಮೈಭಾರ ಒಮ್ಮೆಲೇ ಬೀಳುತ್ತದೆ, ಪರೀಕ್ಷಿಸುವ ಅವಕಾಶವೇ ಇಲ್ಲ. ಕಲ್ಲು ಉರುಳಿದರೆ ಕಣಕಾಲು ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು, ಉರುಳಿದ ಕಲ್ಲು ಕೆಳಗಿರುವವರ ಕಡೆಗೇ ಹೋಗುತ್ತದೆ. ಕೊರಕಲು ಇಕ್ಕಟ್ಟು, ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಬ್ಯಾಂಕ್ ಹಾಲಿಡೇ ದಿನ ಅಲ್ಲಿ ಮೇಲೆ ಹತ್ತುವವರ ಸಾಲೇ ಇರುತ್ತದೆ.

ಬದಲಿ ದಾರಿ ಜಿಗ್‌ಜ್ಯಾಗ್ಸ್. ತುದಿಯಿಂದ ಲ್ಯಾಡರ್‌ನ ತಲೆಗೆ ಬಂದು, ಕೊರಕಲಿಗೆ ಇಳಿಯದೆ ನೇರ ಮುಂದಕ್ಕೆ ಪೂರ್ವದ ಕಡೆ ಕ್ನಾಕ್ ನ ಟೊಯ್ನೆ ಏರಿ. ಅದು 845 ಮೀಟರ್, ಸುಮಾರು 110 ಮೀಟರ್ ಮರು ಏರಿಕೆ. ಅದರ ನೆತ್ತಿ ಅಗಲ, ಹುಲ್ಲು. ನೆತ್ತಿ ದಾಟಿ ಪೂರ್ವಕ್ಕೆ ಮುಂದುವರಿದು, ಮುಂದಿನ ಬೆಟ್ಟ ಕ್ನಾಕ್ ಅನ್ ಖುಲಿನ್ ಕಡೆಯ ತಗ್ಗಿಗೆ ಏಣು ಇಳಿಯುವಲ್ಲಿ ಎಡಕ್ಕೆ ಒಂದು ಹಳೆಯ ಸುತ್ತುದಾರಿ ಸಿಗುತ್ತದೆ. ಅಂಕುಡೊಂಕಾಗಿ ಇಳಿದು ಲಾಕ್ ಕ್ಯಾಲಿ ಕೆರೆಯ ಪೂರ್ವ ಮಗ್ಗುಲಿಗೆ ಬಿಡುತ್ತದೆ. ಅಲ್ಲಿಂದ ಬಂದ ದಾರಿಯಲ್ಲೇ ಕಾರಿಗೆ.

ಒಂದೇ ಎಚ್ಚರಿಕೆ: ಎಡಕ್ಕೆ ಬೇಗ ತಿರುಗಬೇಡಿ. ಕ್ನಾಕ್ ನ ಟೊಯ್ನೆಯ ಉತ್ತರ ಮೈ ಲಾಕ್ ಕ್ಯಾಲಿಯ ಮೇಲೆ ಕಡಿದಾಗಿ ನಿಂತಿದೆ. ಕೆಳಗೆ ಕೆರೆ ಕಂಡಿತು ಅಂತ ಅಡ್ಡ ಇಳಿಯಲು ಹೋದರೆ ಹುಲ್ಲು ಮುಗಿದು ಬಂಡೆ ಶುರುವಾಗುತ್ತದೆ, ಆಮೇಲೆ ಹಿಂದೆ ಹತ್ತುವುದೂ ಕಷ್ಟ.

ಸಂತೋಷ್_ಲಿಮೆರಿಕ್

ಒಂದು ಬೇರೆ ಅಭಿಪ್ರಾಯ. ಒಣ ಹವೆ, ಜನ ಕಡಿಮೆ ಇರುವ ದಿನ ಲ್ಯಾಡರ್‌ನಲ್ಲಿ ಇಳಿಯುವವರು ನೂರಾರು, ಎಲ್ಲರೂ ಬಿದ್ದಿಲ್ಲ. ಸುಸ್ತಾದ ಗುಂಪನ್ನು ಇನ್ನೊಂದು 110 ಮೀಟರ್ ಹತ್ತಿಸಿ, ಗಾಳಿ ಹೊಡೆಯುವ ಏಣಿನ ಮೇಲೆ ಒಂದು ಕಿಲೋಮೀಟರ್‌ಗಿಂತ ಹೆಚ್ಚು ನಡೆಸುವುದೂ ಅಪಾಯವೇ. ಗಾಳಿ ತೀರಾ ಜೋರಿದ್ದರೆ ಕೊರಕಲು ಮರೆ ಕೊಡುತ್ತದೆ. ಪರಿಸ್ಥಿತಿ ನೋಡಿ ನಿರ್ಧರಿಸಬೇಕು.

ಕೆರ್ರಿಕಲ್ಲು

ಸಂತೋಷ್ ಅವರೇ, ಗಾಳಿಯ ಮಾತು ಒಪ್ಪುತ್ತೇನೆ. ಆದರೆ ಏಣಿನ ಮೇಲೆ ನಿಲ್ಲಲಾಗದಷ್ಟು ಗಾಳಿ ಇದ್ದರೆ ಅವರು ಆ ದಿನ ಲ್ಯಾಡರ್‌ನ ತಲೆಯಿಂದ ಮೇಲಕ್ಕೇ ಹೋಗಬಾರದು. ಹವಾಮಾನ ವರದಿಯಲ್ಲಿ ಪೇಟೆಯ ಗಾಳಿ ಅಲ್ಲ, 1,000 ಮೀಟರ್ ಎತ್ತರದ ಗಾಳಿ ನೋಡಬೇಕು. ಗಂಟೆಗೆ 50 ಕಿಲೋಮೀಟರ್ ದಾಟಿದರೆ ಹೊಸಬರಿಗೆ ನಡಿಗೆ ತಪ್ಪುತ್ತದೆ. ಇಲ್ಲಿನ ಹವಾಮಾನ ಇಲಾಖೆ ಮೆಟ್ ಏರನ್ ಕೆರ್ರಿಗೆ ಹಳದಿ ಎಚ್ಚರಿಕೆ ಕೊಟ್ಟಿದ್ದರೂ ಈ ಗುಂಪಿಗೆ ಬೆಟ್ಟ ಬೇಡ, ಕಿತ್ತಳೆ ಕೆಂಪುಗಳ ಮಾತೇ ಬೇಡ.

ಅನಿವಾರ್ಯವಾಗಿ ಲ್ಯಾಡರ್‌ನಲ್ಲೇ ಇಳಿಯಬೇಕಾಗಿ ಬಂತು ಅನ್ನಿ. ಒಬ್ಬರ ಹಿಂದೆ ಒಬ್ಬರು ದೂರ ಬಿಟ್ಟು ಇಳಿಯಬೇಡಿ, ಕಲ್ಲು ವೇಗ ಪಡೆಯುವುದು ಆ ಅಂತರದಲ್ಲೇ. ಒಂದೋ ಆರೂ ಜನ ಕೈಗೆಟಕುವಷ್ಟು ಹತ್ತಿರ ಇರಿ, ಇಲ್ಲವೇ ಇಬ್ಬಿಬ್ಬರಾಗಿ ಒಂದು ಬಂಡೆಯ ಮರೆಯಿಂದ ಇನ್ನೊಂದರ ಮರೆಗೆ ಇಳಿದು, ಅವರು ಪಕ್ಕಕ್ಕೆ ಸರಿದ ಮೇಲೆ ಮುಂದಿನವರು ಹೊರಡಲಿ. ಕಲ್ಲು ಜಾರಿದರೆ ಗಂಟಲು ಹರಿಯುವ ಹಾಗೆ "ಬಿಲೋ!" ಅಂತ ಕೂಗಿ, ಕೆಳಗಿನವರಿಗೆ ಕನ್ನಡ ತಿಳಿಯುವುದಿಲ್ಲ. ಟ್ರೆಕ್ಕಿಂಗ್ ಕೋಲಿನ ಪಟ್ಟಿ ಮಣಿಕಟ್ಟಿನಿಂದ ಬಿಡಿಸಿಕೊಳ್ಳಿ. ಕೋಲು ಕಲ್ಲಿನ ಸಂದಿಗೆ ಸಿಕ್ಕಿದರೆ ನಿಮ್ಮನ್ನೂ ಎಳೆಯುತ್ತದೆ.

ದಿಕ್ಸೂಚಿ

ಇಬ್ಬರೂ ಲ್ಯಾಡರ್‌ನ ತಲೆಯಿಂದ ಮಾತು ಶುರು ಮಾಡಿದ್ದೀರಿ. ಮೋಡ ಕವಿದ ದಿನ ಅಲ್ಲಿಗೆ ತಲುಪುವುದೇ ದೊಡ್ಡ ಪ್ರಶ್ನೆ. ತುದಿ ಬಿಟ್ಟ ಮೊದಲ ಇನ್ನೂರು ಮೀಟರ್‌ನಲ್ಲಿ ತಪ್ಪು ಹೆಜ್ಜೆ ಇಟ್ಟರೆ ಮುಂದಿನದ್ದೆಲ್ಲ ತಪ್ಪು.

ತುದಿಯಿಂದ ಮೂರು ಕಡೆಗೆ ಸವೆದ ಜಾಡುಗಳಿವೆ. ಒಂದು ದಕ್ಷಿಣಕ್ಕೆ ಹೊರಟು ಆಗ್ನೇಯಕ್ಕೆ ಬಾಗಿ ಲ್ಯಾಡರ್‌ನ ತಲೆಗೆ ಹೋಗುತ್ತದೆ. ಇನ್ನೊಂದು ನೈಋತ್ಯಕ್ಕೆ ಕಾಹೆರ್ ಬೆಟ್ಟಕ್ಕೆ. ಮೂರನೆಯದು ಉತ್ತರದ ಕಡೆ ಬೀನ್‌ಕೆರಾ ಏಣು ಮತ್ತು ಓಶೇಸ್ ಗಲ್ಲಿ ಅನ್ನುವ ಕೊರಕಲಿಗೆ. ಮಂಜಿನಲ್ಲಿ ಮೂರೂ ಒಂದೇ ಥರ ಕಾಣುತ್ತವೆ, ಮೂರರಲ್ಲೂ ಜನ ಇರುತ್ತಾರೆ. ಮುಂದೆ ಯಾರೋ ಹೋಗುತ್ತಿದ್ದಾರೆ ಅಂತ ಹಿಂದೆ ಬಿದ್ದರೆ ಅವರು ಕಾಹೆರ್ ಕಡೆ ಕಾರು ಇಟ್ಟವರಾಗಿರಬಹುದು. ನೀವು ಆ ಕಡೆ ಇಳಿದರೆ ಜೀವಕ್ಕೇನೂ ಆಗದಿದ್ದರೂ ಕಾರಿನಿಂದ ಬೆಟ್ಟದ ಪೂರ್ತಿ ಆಚೆ ಬದಿಗೆ ಬಿದ್ದಿರುತ್ತೀರಿ. ಈಶಾನ್ಯದ ಕಡೆ ಹೋದರೆ ಮಾತ್ರ ಕಡಿದಾದ ಬಂಡೆ, ಅಲ್ಲಿಗೆ ಹಗ್ಗ ಹಾಕಿಕೊಂಡು ಹತ್ತುವವರು ಬರುತ್ತಾರೆ.

ತುದಿಯ ಗ್ರಿಡ್ ಸಂಖ್ಯೆ, ಅಂದರೆ ನಕ್ಷೆಯ ಚೌಕಗಳಲ್ಲಿ ಜಾಗ ಗುರುತಿಸುವ ಸಂಖ್ಯೆ, ವಿ 803 844. ಲ್ಯಾಡರ್‌ನ ತಲೆ ದಕ್ಷಿಣ-ಆಗ್ನೇಯಕ್ಕೆ ಒಂದು ಕಿಲೋಮೀಟರ್‌ನ ಒಳಗೆ, ಸುಮಾರು 300 ಮೀಟರ್ ಕೆಳಗೆ. ಬೇರಿಂಗ್ ಅಂಕಿಯನ್ನು (ದಿಕ್ಸೂಚಿಯಲ್ಲಿ ಹಿಡಿಯಬೇಕಾದ ದಿಕ್ಕಿನ ಡಿಗ್ರಿ) ಬೇಕೆಂದೇ ಬರೆಯುತ್ತಿಲ್ಲ. ಮನೆಯಲ್ಲಿ ಐರ್ಲೆಂಡಿನ ಡಿಸ್ಕವರಿ ನಕ್ಷೆ ಸರಣಿಯ 78ನೇ ಹಾಳೆ ಹರಡಿಕೊಂಡು ನೀವೇ ಅಳೆಯಿರಿ, ಅಂಚಿನಲ್ಲಿ ಕೊಟ್ಟಿರುವ ಕಾಂತೀಯ ವ್ಯತ್ಯಾಸ (ನಕ್ಷೆಯ ಉತ್ತರಕ್ಕೂ ಮುಳ್ಳಿನ ಉತ್ತರಕ್ಕೂ ಇರುವ ಅಂತರ) ಸೇರಿಸಿ, ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿ. ಎರಡು ಗೆರೆ ಸಾಕು: ತುದಿಯಿಂದ ಲ್ಯಾಡರ್‌ನ ತಲೆ, ಅಲ್ಲಿಂದ ಕ್ನಾಕ್ ನ ಟೊಯ್ನೆ ನೆತ್ತಿ. ಚಳಿಗೆ ಬೆರಳು ಮರಗಟ್ಟಿದಾಗ, ಗಾಳಿಯಲ್ಲಿ ನಕ್ಷೆ ಬಿಡಿಸಿ ಅಳೆಯುವುದು ಆಗದ ಕೆಲಸ.

ಇನ್ನೊಂದು ಮಾತು, ಇದನ್ನು ಬಹಳ ಜನ ಗಮನಿಸುವುದಿಲ್ಲ. ತುದಿಯಲ್ಲಿ ಐದು ಮೀಟರ್ ಎತ್ತರದ ಉಕ್ಕಿನ ಶಿಲುಬೆ ಇದೆ. (2014ರಲ್ಲಿ ಯಾರೋ ಕತ್ತರಿಸಿ ಬೀಳಿಸಿದ್ದರು, ಮತ್ತೆ ನಿಲ್ಲಿಸಿದರು.) ಎಲ್ಲರೂ ಅದಕ್ಕೆ ಒರಗಿಕೊಂಡೇ ದಿಕ್ಸೂಚಿ ತೆಗೆಯುತ್ತಾರೆ. ಕಬ್ಬಿಣದ ಪಕ್ಕ ಮುಳ್ಳು ವಾಲುತ್ತದೆ. ಹತ್ತು ಹೆಜ್ಜೆ ದೂರ ಸರಿದು ನೋಡಿ. ಫೋನ್ ಕವರಿನ ಅಯಸ್ಕಾಂತವೂ ಹಾಗೆಯೇ. ದಿಕ್ಸೂಚಿ ಮತ್ತು ಫೋನ್ ಒಂದೇ ಜೇಬಿನಲ್ಲಿ ದಿನವಿಡೀ ಇದ್ದರೆ ಮುಳ್ಳಿನ ಧ್ರುವವೇ ತಿರುಗಿಬಿಡಬಹುದು, ಆಗ ಉತ್ತರ ಅಂದದ್ದು ದಕ್ಷಿಣ.

ಐದು ಡಿಗ್ರಿ ತಪ್ಪಿದರೆ ಒಂದು ಕಿಲೋಮೀಟರ್‌ಗೆ 87 ಮೀಟರ್ ಪಕ್ಕಕ್ಕೆ ಹೋಗುತ್ತೀರಿ. ಅದಕ್ಕೇ ಒಂದೇ ಉಸಿರಿಗೆ ನಡೆಯದೆ ಒಬ್ಬರನ್ನು ಕಣ್ಣಿಗೆ ಕಾಣುವಷ್ಟು ದೂರ ಮುಂದೆ ಕಳಿಸಿ, ಅವರನ್ನು ಎಡಕ್ಕೆ ಬಲಕ್ಕೆ ಸರಿಸಿ ಗೆರೆಗೆ ತಂದು, ಗುಂಪು ಅಲ್ಲಿಗೆ ಹೋಗುವುದು. ನಿಧಾನ, ಆದರೆ ನಂಬಬಹುದು.

ಹೇಮಾ_ಡಬ್ಲಿನ್

ಇಷ್ಟೆಲ್ಲ ಬರೆದದ್ದಕ್ಕೆ ತುಂಬಾ ಧನ್ಯವಾದ. ಇಳಿಯುವ ದಾರಿ ಜಿಗ್‌ಜ್ಯಾಗ್ಸ್ ಅಂತ ಬದಲಿಸಿದೆವು. ನಮ್ಮಲ್ಲಿ ಯಾರಿಗೂ ದಿಕ್ಸೂಚಿ ಬಳಸಿ ರೂಢಿಯಿಲ್ಲ ಸರ್. ಫೋನಿನಲ್ಲಿ ದಾರಿ ಡೌನ್‌ಲೋಡ್ ಮಾಡಿಕೊಂಡರೆ ಸಾಲದೇ?

ದಿಕ್ಸೂಚಿ

ಫೋನ್ ಖಂಡಿತ ಒಯ್ಯಿರಿ, ನೀವು ಎಲ್ಲಿದ್ದೀರಿ ಎಂದು ಅದರಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ಹೇಳುವುದಿಲ್ಲ. ಕೈಕೊಡುವುದು ಬೇರೆ ಕಾರಣಕ್ಕೆ. ಚಳಿಗೆ ಬ್ಯಾಟರಿ 40ರಿಂದ ಇದ್ದಕ್ಕಿದ್ದಂತೆ ಸೊನ್ನೆಗೆ ಬೀಳುತ್ತದೆ. ಒದ್ದೆ ಪರದೆ ಬೆರಳಿಗೆ ಸ್ಪಂದಿಸುವುದಿಲ್ಲ, ಮಳೆ ಹನಿಯೇ ನಕ್ಷೆಯನ್ನು ಎಲ್ಲೆಲ್ಲಿಗೋ ಎಳೆದುಬಿಡುತ್ತದೆ. ಕಣಿವೆಯಲ್ಲಿ ಸಿಗ್ನಲ್ ನೆಚ್ಚುವ ಹಾಗಿಲ್ಲ, ಹಾಗಾಗಿ ನಕ್ಷೆಯನ್ನು ಮೊದಲೇ ಇಳಿಸಿಕೊಂಡು, ಏರೋಪ್ಲೇನ್ ಮೋಡ್‌ನಲ್ಲಿ ತೆರೆಯುತ್ತದಾ ಅಂತ ಮನೆಯಲ್ಲೇ ನೋಡಿ. ಎರಡು ಫೋನಿನಲ್ಲಿರಲಿ, ಒಂದು ಒಳಜೇಬಿನಲ್ಲಿ ಮೈಗೆ ತಾಗಿಕೊಂಡು ಬೆಚ್ಚಗಿರಲಿ.

ಯಾರೋ ಹಾಕಿರುವ ಜಾಡನ್ನು ಇಳಿಸಿಕೊಳ್ಳುವಾಗ ಅದು ಓಶೇಸ್ ಗಲ್ಲಿ ಅಥವಾ ಹೆವನ್ಲಿ ಗೇಟ್ಸ್ ಮೂಲಕ ಹೋಗಿದೆಯಾ ಪರೀಕ್ಷಿಸಿ. ಎರಡೂ ಅನುಭವಿಗಳ ದಾರಿ. ಪರದೆಯ ಮೇಲೆ ಗೆರೆ ಎಲ್ಲ ಕಡೆ ಒಂದೇ ಬಣ್ಣ.

ದಿಕ್ಸೂಚಿ ಕಲಿಯಲು ಒಂದು ಸಂಜೆ ಪಾರ್ಕಿನಲ್ಲಿ ಕಳೆದರೆ ಸಾಕು. ಅದೂ ಆಗದಿದ್ದರೆ, ತುದಿಯ ಮೇಲೆ ಮೋಡ ಕೂತಿರುವ ದಿನ ಸ್ಥಳೀಯ ಗೈಡ್ ಇಲ್ಲದೆ ಲ್ಯಾಡರ್‌ನ ತಲೆ ದಾಟಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ.

ಶೈಲಜಾ_ನರ್ಸ್

ದೇಹದ ಕಡೆಯಿಂದ ಒಂದಿಷ್ಟು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಬ್ರೇಕ್ ಹಾಕುತ್ತಿರುತ್ತದೆ. ಹತ್ತುವಾಗ ಈ ಕೆಲಸ ಅದಕ್ಕಿರುವುದಿಲ್ಲ. ಹಾಗಾಗಿ ಉಸಿರು ಚೆನ್ನಾಗಿದ್ದರೂ ಕಾಲು ಗಡಗಡ ಅನ್ನುತ್ತದೆ, ಮಂಡಿ ತಡೆಯುವುದಿಲ್ಲ, ಪಾದ ಎಲ್ಲಿಡಬೇಕೋ ಅಲ್ಲಿ ಬೀಳುವುದಿಲ್ಲ. ಹೊರಡುವ ಮೂರು ವಾರ ಮೊದಲಿನಿಂದ ವಾರಕ್ಕೆರಡು ಸಲ ಮೆಟ್ಟಿಲು ಇಳಿಯುವ ಅಭ್ಯಾಸ ಮಾಡಿ, ಲಿಫ್ಟಿನಲ್ಲಿ ಮೇಲೆ ಹೋಗಿ ನಡೆದು ಇಳಿದರೂ ನಡೆಯುತ್ತದೆ. ಬೆಟ್ಟದ ಮೇಲೆ ಇಳಿಯುವ ಮುನ್ನ ಲೇಸ್ ಬಿಚ್ಚಿ, ಹಿಮ್ಮಡಿಯನ್ನು ಹಿಂದಕ್ಕೆ ತಟ್ಟಿ ಕೂರಿಸಿ, ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟಿ. ಇಲ್ಲದಿದ್ದರೆ ಹೆಬ್ಬೆರಳು ಶೂಗೆ ಗುದ್ದಿ ಉಗುರು ಕಪ್ಪಾಗುತ್ತದೆ, ನೋವಿಗೆ ನಡಿಗೆ ಸೊಟ್ಟಗಾಗುತ್ತದೆ. ಕೋಲನ್ನು ಐದರಿಂದ ಹತ್ತು ಸೆಂಟಿಮೀಟರ್ ಉದ್ದ ಮಾಡಿಕೊಳ್ಳಿ.

ತುದಿಯಲ್ಲಿ ಬೆವರಿದ ಮೈ ಹತ್ತು ನಿಮಿಷದಲ್ಲಿ ತಣ್ಣಗಾಗುತ್ತದೆ. ಕೂರುವ ಮೊದಲೇ ಬೆಚ್ಚನೆಯ ಜಾಕೆಟ್ ಹಾಕಿ, ಚಳಿ ಶುರುವಾದ ಮೇಲೆ ಅಲ್ಲ. ಜೀನ್ಸ್, ಹತ್ತಿ ಬನಿಯನ್ ಬೇಡವೇ ಬೇಡ, ನೀರು ಹಿಡಿದುಕೊಂಡು ಮೈಯ ಶಾಖ ಹೀರುತ್ತವೆ. ಒಬ್ಬೊಬ್ಬರಿಗೆ ಎರಡು ಜೊತೆ ಗ್ಲೌಸ್. ಯಾರಾದರೂ ತೊದಲಲು ಶುರು ಮಾಡಿದರೆ, ಎಡವುತ್ತಿದ್ದರೆ, "ನಾನು ಸರಿಯಾಗಿದ್ದೇನೆ, ಬಿಡಿ" ಅಂತ ಸಿಡುಕಿದರೆ ಅದು ಮೈಶಾಖ ಇಳಿಯುತ್ತಿರುವ ಗುರುತು. ಗಾಳಿಯ ಮರೆಗೆ ಕರೆದೊಯ್ದು, ಒದ್ದೆ ಬಟ್ಟೆ ಬದಲಿಸಿ, ನೆಲಕ್ಕೆ ಬ್ಯಾಗ್ ಹಾಸಿ ಕೂರಿಸಿ, ಸಿಹಿ ತಿನ್ನಿಸಿ. ಕೈಕಾಲು ಉಜ್ಜಬೇಡಿ, ಮದ್ಯ ಕೊಡಬೇಡಿ. ಆರು ಜನ ಒಳಗೆ ಕೂರುವಂಥ ಬಟ್ಟೆಯ ತುರ್ತು ಆಸರೆ ಅಂಗಡಿಗಳಲ್ಲಿ ಸಿಗುತ್ತದೆ, ಬಾತಿ ಬ್ಯಾಗ್ ಅಂತ ಕೇಳಿ. ಗಾಳಿ ಇದ್ದಾಗ ಮೈಗೆ ಸುತ್ತಿಕೊಳ್ಳುವ ಬೆಳ್ಳಿ ಬಣ್ಣದ ತುರ್ತು ಹಾಳೆಗಿಂತ ಎಷ್ಟೋ ಮೇಲು.

ಕಣಕಾಲು ಉಳುಕಿದರೆ ನಾಲ್ಕು ಹೆಜ್ಜೆ ಭಾರ ಹಾಕಿ ನಡೆಯಲಾಗುತ್ತದಾ ನೋಡಿ. ಆಗದಿದ್ದರೆ ಮುರಿದಿದೆ ಅಂತಲೇ ತಿಳಿದು ಸಹಾಯಕ್ಕೆ ಕರೆ ಮಾಡಿ. ಶೂ ಬಿಚ್ಚಬೇಡಿ, ಅದೇ ಪಟ್ಟಿಯ ಕೆಲಸ ಮಾಡುತ್ತದೆ.

ನಿಮ್ಮ ತಂದೆಯವರ ವಿಷಯ: ದಿನಾ ನಡೆಯುವುದು ಹೃದಯಕ್ಕೆ ಒಳ್ಳೆಯದು, ಇಳಿಯುವ ಮಂಡಿಗೆ ತರಬೇತಿ ಅಲ್ಲ. ಅವರನ್ನು ಹ್ಯಾಗ್ಸ್ ಗ್ಲೆನ್ ಕೆರೆಗಳವರೆಗೆ ಕರೆದುಕೊಂಡು ಹೋಗಿ. ದಾರಿ ಚೆನ್ನಾಗಿದೆ, ಅಲ್ಲಿಂದ ಇಡೀ ಬೆಟ್ಟ ಕಾಣುತ್ತದೆ. ಒಬ್ಬರು ಅವರ ಜೊತೆ ವಾಪಸ್ ಬರಲಿ, ಅಪ್ಪನವರನ್ನು ಒಬ್ಬರೇ ಕಳಿಸಬೇಡಿ.

ಸಂತೋಷ್_ಲಿಮೆರಿಕ್

ತೊರೆಯ ಬಗ್ಗೆ ಯಾರೂ ಹೇಳಲಿಲ್ಲ. ಕ್ರೋನಿನ್ಸ್ ಯಾರ್ಡ್ ಕಡೆಯಿಂದ ಬರುವಾಗ ಸೇತುವೆಗಳಿವೆ, ಆದರೆ ಮೇಲೆ ಎರಡು ಕೆರೆಗಳ ಹತ್ತಿರ ಗ್ಯಾಡಾ ಹೊಳೆಯನ್ನು ಕಲ್ಲಿನಿಂದ ಕಲ್ಲಿಗೆ ದಾಟಬೇಕು. ಬೆಳಿಗ್ಗೆ ಕಲ್ಲು ಒಣಗಿದ್ದರೂ ಮಧ್ಯಾಹ್ನ ಜೋರು ಮಳೆ ಬಂದರೆ ಕಲ್ಲು ಮುಳುಗುತ್ತವೆ. ಮಂಡಿ ದಾಟಿದ ಹರಿಯುವ ನೀರಿಗೆ ಇಳಿಯಬೇಡಿ. ಕಾಯಿರಿ, ಮಳೆ ನಿಂತರೆ ಬೆಟ್ಟದ ಹೊಳೆ ಬೇಗ ಇಳಿಯುತ್ತದೆ.

ಮತ್ತೆ, ನೀವು ನಡೆಯುವುದು ರೈತರ ಖಾಸಗಿ ಜಮೀನಿನಲ್ಲಿ, ಅವರ ಒಪ್ಪಿಗೆಯಿಂದ. ಗೇಟ್ ಹೇಗಿತ್ತೋ ಹಾಗೇ ಬಿಡಿ, ನಾಯಿ ತರಬೇಡಿ, ಕುರಿಗಳಿವೆ.

ಏಣುದಾರಿ

ಸಹಾಯ ಕರೆಯುವುದು ಹೀಗೆ. 112 ಅಥವಾ 999, "ಮೌಂಟನ್ ರೆಸ್ಕ್ಯೂ" ಅಂತ ಕೇಳಿ. ಆಂಬ್ಯುಲೆನ್ಸ್ ಅಂತ ಮಾತ್ರ ಹೇಳಿದರೆ ಏರ್‌ಕೋಡ್ (ಮನೆ ವಿಳಾಸದ ಪಿನ್‌ಕೋಡ್) ಕೇಳುತ್ತಾರೆ, ಬೆಟ್ಟಕ್ಕೆ ಏರ್‌ಕೋಡ್ ಇಲ್ಲ. ಗ್ರಿಡ್ ಸಂಖ್ಯೆ ಹೇಳಿ, ಯಾವ ಪದ್ಧತಿಯ ಸಂಖ್ಯೆ ಅನ್ನುವುದನ್ನೂ ಹೇಳಿ, ಆಪ್‌ಗಳು ಅಕ್ಷಾಂಶ ರೇಖಾಂಶ ತೋರಿಸುವುದುಂಟು. ಎಷ್ಟು ಜನ, ಏನು ಪೆಟ್ಟು, ಪೆಟ್ಟಾದವರಿಗೆ ಪ್ರಜ್ಞೆ ಇದೆಯಾ, ಫೋನಿನಲ್ಲಿ ಎಷ್ಟು ಚಾರ್ಜ್. ಆಮೇಲೆ ಆ ಫೋನಿನಿಂದ ಬೇರೆ ಯಾರಿಗೂ ಮಾತಾಡಬೇಡಿ, ಅವರು ತಿರುಗಿ ಕರೆಯುತ್ತಾರೆ. ಸಿಗ್ನಲ್ ಒಂದು ಗೆರೆ ಮಾತ್ರ ಇದ್ದಾಗ ಕರೆ ಹೋಗದಿದ್ದರೂ ಎಸ್ಎಂಎಸ್ ಹೋಗಬಹುದು. ಆದರೆ 112ಕ್ಕೆ ಎಸ್ಎಂಎಸ್ ಮಾಡಲು ಮೊದಲೇ ನೋಂದಾಯಿಸಿಕೊಂಡಿರಬೇಕು, ಅದನ್ನು ಈ ವಾರವೇ ಆರೂ ಜನ ಮಾಡಿ. ಫೋನ್ ಸತ್ತರೆ ಸೀಟಿ: ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಉತ್ತರವಾಗಿ ಮೂರು ಕೇಳಿಸಿದರೂ ನಿಲ್ಲಿಸಬೇಡಿ, ಅವರು ಸದ್ದಿನ ಜಾಡು ಹಿಡಿದು ಬರಬೇಕು.

ಕೆರ್ರಿಯ ರೆಸ್ಕ್ಯೂ ತಂಡ 1966ರಿಂದ ಸ್ವಯಂಸೇವಕರಿಂದಲೇ ನಡೆಯುತ್ತಿದೆ, ಹಣ ಕೇಳುವುದಿಲ್ಲ. ಬಿಲ್ ಬರುತ್ತದೆ ಅಂತ ಹೆದರಿ ಕತ್ತಲಾಗುವವರೆಗೆ ಕಾಯಬೇಡಿ. ಕೆಳಗಿನಿಂದ ನಡೆದು ಬರಲು ಅವರಿಗೆ ಗಂಟೆಗಳೇ ಬೇಕು, ಎಲ್ಲ ದಿನವೂ ಹೆಲಿಕಾಪ್ಟರ್ ಮೋಡದೊಳಗೆ ಬರಲಾಗುವುದಿಲ್ಲ.

ಹೆಡ್‌ಲ್ಯಾಂಪ್ ಒಬ್ಬೊಬ್ಬರಿಗೆ ಒಂದು, ಹೊಸ ಬ್ಯಾಟರಿ. ಫೋನ್ ಟಾರ್ಚ್ ಲೆಕ್ಕಕ್ಕಿಲ್ಲ, ಅದು ಒಂದು ಕೈ ತಿನ್ನುತ್ತದೆ. ಕಾರಿನ ಕೀ ತುದಿಗೆ ಹೋಗುವವರ ಬಳಿ ಒಂದು, ಅಪ್ಪನವರ ಜೊತೆ ವಾಪಸ್ ಬರುವವರ ಬಳಿ ಇನ್ನೊಂದು ಇರಲಿ.